ಯೇಸು ಹುಟ್ಟಿದ ಕಥೆಯನ್ನು ಈ ಕಾಲದಲ್ಲೂ ನೆರೆಮನೆಯವರಿಗೆ ಹೇಳಬೇಕಾ? ಕ್ರಿಸ್‌ಮಸ್ ತಿಂಡಿ ಕೊಟ್ಟು ಸುಮ್ನಿದ್ದರೆ ಸಾಲದಾ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ನಮ್ಮ ಮನೆಯ ಒಂದು ಸ್ಟೀಲ್ ತಟ್ಟೆ ನೆನಪಾಯಿತು.

ನಮ್ಮದು ಉಡುಪಿ ಕಡೆ. 1834ರಲ್ಲಿ ಯುರೋಪಿನ ಕ್ರೈಸ್ತ ಧರ್ಮಪ್ರಚಾರಕರಾದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದ ಮನೆತನಗಳಲ್ಲಿ ನಮ್ಮದೂ ಒಂದು. ಪಕ್ಕದ ಮನೆಯ ಅಕ್ಕನವರಿಗೂ ನಮಗೂ ಅಜ್ಜಿ ಕಾಲದ ಬಳಕೆ. ಚೌತಿಗೆ ಅಲ್ಲಿಂದ ಚಕ್ಕುಲಿ, ಪಂಚಕಜ್ಜಾಯ ಬರುತ್ತಿತ್ತು. ಕ್ರಿಸ್‌ಮಸ್‌ಗೆ ಇಲ್ಲಿಂದ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳು, ಹೋಗುತ್ತಿತ್ತು. ತಟ್ಟೆ ಖಾಲಿ ವಾಪಸ್ ಬಂದದ್ದೇ ಇಲ್ಲ, ಏನೂ ಇಲ್ಲದಿದ್ದರೆ ಅಕ್ಕ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳಿಸುತ್ತಿದ್ದರು.

12 ವರ್ಷದ ಹಿಂದೆ ನಾನು ಒಂದು ಶಿಬಿರಕ್ಕೆ ಹೋಗಿ ಬಂದಿದ್ದೆ. ತುಂಬಾ ಹುರುಪು. ಆ ಸಲ ಕುಸ್ವಾರ್ ಕೆಳಗೆ ಹಾಸಿದ ಕಾಗದದ ಅಡಿಯಲ್ಲಿ ಒಂದು ಕರಪತ್ರ ಮಡಚಿಟ್ಟೆ. ಅಮ್ಮನಿಗೂ ಹೇಳಲಿಲ್ಲ. ಅದರಲ್ಲಿ ಯೇಸು ಹುಟ್ಟಿದ ಬೆತ್ಲೆಹೇಮ್ ಇರಲಿಲ್ಲ, ತಾಯಿ ಮರಿಯಳಿರಲಿಲ್ಲ, ಕುರುಬರಿರಲಿಲ್ಲ. ನೀವು ಪಾಪಿಗಳು, ನರಕ ಕಾದಿದೆ, ಇವತ್ತೇ ತೀರ್ಮಾನ ಮಾಡಿ, ಇಷ್ಟೇ.

ಮರುದಿನ ತಟ್ಟೆ ಬಂತು. ತೊಳೆದು, ಒರೆಸಿ, ಖಾಲಿ.

ಹೇಳಿದ್ದೇ ತಪ್ಪಾಯಿತು ಅಂತ ಬಹಳ ದಿನ ಅಂದುಕೊಂಡಿದ್ದೆ. ನೀವೂ ಹಾಗೇ ಯೋಚಿಸುತ್ತಿದ್ದೀರಿ ಅನ್ನಿಸುತ್ತದೆ. ಆದರೆ ನಾನು ಹೇಳಲೇ ಇಲ್ಲವಲ್ಲ! ಬಚ್ಚಿಟ್ಟೆ. ಅಕ್ಕನ ಎದುರು ಕೂತು ಮಾತಾಡುವ ಧೈರ್ಯ ಇರಲಿಲ್ಲ, ಅದಕ್ಕೆ ಕಾಗದ. ಅಮ್ಮ ಎರಡು ರಾತ್ರಿ ಕೂತು ಕರಿದ ನೆವ್ರಿಯನ್ನು (ಕರಿಗಡುಬಿನಂಥ ಸಿಹಿ) ಗಾಳಕ್ಕೆ ಸಿಕ್ಕಿಸಿದ ಎರೆಯಂತೆ ಮಾಡಿದೆ. ಅಷ್ಟು ವರ್ಷ ಆ ತಟ್ಟೆಯನ್ನು ಯಾರೂ ಅನುಮಾನದಿಂದ ನೋಡಿರಲಿಲ್ಲ, ನೋಡುವ ಹಾಗೆ ಮಾಡಿದವನು ನಾನು. ಮತ್ತೆ ಕಥೆಯನ್ನೇ ಬಿಟ್ಟು ಬೆದರಿಕೆ ಮಾತ್ರ ಕಳಿಸಿದ್ದೆ. ಐದು ಚೌತಿ ಚಕ್ಕುಲಿಯಿಲ್ಲದೆ ಕಳೆಯಿತು.

ಕೊನೆಗೆ ನಾನೇ ಹೋಗಿ ಕ್ಷಮೆ ಕೇಳಿದೆ. "ಬಾಯಿ ಬಿಟ್ಟು ಹೇಳಿದ್ದರೆ ಕೇಳ್ತಿದ್ದೆನಲ್ಲ ಮಾರಾಯ" ಅಂದರು.

ಆ ಡಿಸೆಂಬರ್‌ನಲ್ಲಿ ಅಕ್ಕ ಮೊಮ್ಮಗಳನ್ನು ಕರೆದುಕೊಂಡು ನಮ್ಮ ಗೋದಲಿ, ಅಂದರೆ ಯೇಸು ಹುಟ್ಟಿದ ಹಟ್ಟಿಯ ಬೊಂಬೆ ಮಾದರಿ, ನೋಡಲು ಬಂದರು. "ಪಾಪುವನ್ನು ಯಾಕೆ ಬೈಹುಲ್ಲಿನ ಮೇಲೆ ಮಲಗಿಸಿದ್ದು?" ಅಂತ ಮಗು ಕೇಳಿತು. ಆಗ ಹೇಳಿದೆ. ರೋಮಿನ ಚಕ್ರವರ್ತಿ ಔಗುಸ್ತ ಜನಗಣತಿಗೆ ಆಜ್ಞೆ ಮಾಡಿದ್ದು, ಗರ್ಭಿಣಿ ಮರಿಯಳೂ ಯೋಸೇಫನೂ ನಜರೇತಿನಿಂದ ಬೆತ್ಲೆಹೇಮಿಗೆ ಹೋದದ್ದು, ಛತ್ರದಲ್ಲಿ ಜಾಗ ಸಿಗದೆ ಕೂಸನ್ನು ದನ ಮೇಯುವ ಗೋದಲಿಯಲ್ಲಿ ಮಲಗಿಸಿದ್ದು. ಸುದ್ದಿ ಮೊದಲು ಹೋದದ್ದು ಅರಮನೆಗಲ್ಲ, ರಾತ್ರಿ ಕುರಿ ಕಾಯುತ್ತಿದ್ದವರಿಗೆ ಅಂದಾಗ ಮಗು ನಕ್ಕಿತು. ಹಟ್ಟಿಯಲ್ಲಿ ಜೀವಮಾನವಿಡೀ ದನ ಕಟ್ಟಿದ ಅಕ್ಕ ಅಂದರು, "ದನದ ಉಸಿರಿಗೆ ಹಟ್ಟಿ ಬೆಚ್ಚಗಿರ್ತದೆ, ಕೂಸಿಗೆ ಚಳಿಯಾಗಿರಲಿಕ್ಕಿಲ್ಲ."

ಈ ಕಥೆ ಬರುವ ಬೈಬಲಿನ ಲೂಕನ ಸುವಾರ್ತೆಯಲ್ಲಿ ಎತ್ತು, ಕತ್ತೆಯ ಮಾತೇ ಇಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೊ ಊರಲ್ಲಿ ಸಂತ ಫ್ರಾನ್ಸಿಸ್ ಜೀವಂತ ಎತ್ತು, ಕತ್ತೆ ತರಿಸಿ, ಹುಲ್ಲು ಹಾಸಿ ತೋರಿಸಿದ್ದು ಆ ಬಡತನ ಜನರಿಗೆ ಕಣ್ಣಾರೆ ಕಾಣಲಿ ಅಂತ. ಅಕ್ಕನಿಗೆ ಯಾರೂ ತೋರಿಸಬೇಕಾಗಲಿಲ್ಲ.

ಈ ಕಾಲದಲ್ಲಿ ಯಾಕೆ ಅಂತ ಕೇಳಿದ್ದೀರಿ. ದೇವದೂತ ಕುರುಬರಿಗೆ ಹೇಳಿದ್ದು "ಈ ಹೊತ್ತು ನಿಮಗೋಸ್ಕರ" ರಕ್ಷಕ ಹುಟ್ಟಿದ್ದಾನೆ ಅಂತ. ದೇವರು ಜಾಗವಿಲ್ಲದ ಕೂಸಾಗಿ ನಮ್ಮ ನಡುವೆ ಬಂದ ಅಂತ ನಂಬಿದ ಮೇಲೆ ಬಾಯಿ ಮುಚ್ಚಿಕೊಂಡಿರಲು ಹೇಗಾಗುತ್ತದೆ? ಕುರುಬರೂ ಕೂಸನ್ನು ನೋಡಿದರು, ಕೇಳಿದ್ದನ್ನು ಹೇಳಿದರು, ದೇವರನ್ನು ಕೊಂಡಾಡುತ್ತಾ ಹಿಂದಿರುಗಿದರು. ಕೇಳಿದವರ ಹತ್ತಿರ ಯಾವ ತೀರ್ಮಾನವನ್ನೂ ಬೇಡಲಿಲ್ಲ.

ಅದಕ್ಕೇ ತಿಂಡಿಯಾ ಕಥೆಯಾ ಅನ್ನುವ ಲೆಕ್ಕವೇ ನನಗೆ ಒಪ್ಪಿಗೆಯಿಲ್ಲ. ಕರಪತ್ರ ಬೇಡ, ವಾಟ್ಸಾಪ್ ಫಾರ್ವರ್ಡ್ ಬೇಡವೇ ಬೇಡ. ಗೋದಲಿ ಕಟ್ಟಿ, ಮನೆಗೆ ಕರೆಯಿರಿ. ಕೇಳಿದರೆ ಪೂರ್ತಿ ಹೇಳಿ, ಕೇಳದಿದ್ದರೆ ಚಹಾ ಕೊಡಿ. ಅವರ ಹಬ್ಬದ ಕಥೆಯನ್ನೂ ಕೂತು ಕೇಳಿ.

ನಮ್ಮ ಗೋದಲಿಗೆ ಈಗ ಬೈಹುಲ್ಲು ಬರುವುದು ಅಕ್ಕನ ಹಟ್ಟಿಯಿಂದ. ಈ ವರ್ಷದ್ದನ್ನು ಆಗಲೇ ಕಟ್ಟಿಟ್ಟಿದ್ದಾರಂತೆ.