ಪೋರ್ಟ್‌ಲ್ಯಾಂಡ್ ಮ್ಯಾವರಿಕ್ಸ್ ಐದೇ ವರ್ಷಕ್ಕೆ ಮುಚ್ಚಿದ್ದೇಕೆ?

ಪ್ರಶ್ನೆ: ಅಮೆರಿಕದ ಪೋರ್ಟ್‌ಲ್ಯಾಂಡ್ ಮ್ಯಾವರಿಕ್ಸ್ ಬೇಸ್‌ಬಾಲ್ ತಂಡ ಚೆನ್ನಾಗಿ ಆಡುತ್ತಿದ್ದಾಗಲೇ ನಿಂತುಹೋಯಿತಂತೆ. ಸೋಲು ಕಾರಣವೇ, ಸಾಲವೇ?

ಉತ್ತರ: ಎರಡೂ ಅಲ್ಲ. 1972ರ ಋತು ಮುಗಿದ ಮೇಲೆ ಮೇಲ್ದರ್ಜೆಯ ಪೆಸಿಫಿಕ್ ಕೋಸ್ಟ್ ಲೀಗಿನ ಬೀವರ್ಸ್ ತಂಡ ಊರು ಬಿಟ್ಟಿತು. ತೆರವಾದ ಜಾಗಕ್ಕೆ 1973ರಲ್ಲಿ ನಟ ಬಿಂಗ್ ರಸಲ್ ಕೆಳದರ್ಜೆಯ ಲೀಗಿನಲ್ಲಿ ಆಡುವ ಮ್ಯಾವರಿಕ್ಸ್ ತಂದರು. ಇಂಥ ಮೈನರ್ ಲೀಗ್ (ಕೆಳಹಂತದ ವೃತ್ತಿಪರ ಲೀಗ್) ತಂಡಗಳಿಗೆ ಸಾಮಾನ್ಯವಾಗಿ ಅಗ್ರಹಂತದ ಮೇಜರ್ ಲೀಗಿನ ತಂಡವೊಂದು ಆಟಗಾರರನ್ನು ಕಳಿಸಿ ಸಂಬಳವನ್ನೂ ಕೊಡುತ್ತದೆ. ಇವರಿಗೆ ಆ ಆಸರೆಯಿರಲಿಲ್ಲ. ಯಾರು ಬೇಕಾದರೂ ಬರಬಹುದಾದ ಬಹಿರಂಗ ಆಯ್ಕೆಯಲ್ಲಿ, ಉಳಿದ ತಂಡಗಳು ಕೈಬಿಟ್ಟವರನ್ನೇ ಹೆಕ್ಕಿಕೊಂಡರು. 1977ರಲ್ಲಿ 44 ಗೆಲುವು, 22 ಸೋಲು! ಫೈನಲ್‌ನಲ್ಲಿ ಮಾತ್ರ ಬೆಲ್ಲಿಂಗ್‌ಹ್ಯಾಮ್‌ಗೆ ಸೋತರು.

ಮುಳುವಾದದ್ದು ಪ್ರದೇಶ ಹಕ್ಕಿನ ನಿಯಮ. ಮೇಲ್ದರ್ಜೆಯ ಲೀಗ್ ಒಂದು ಊರನ್ನು ಕೇಳಿದರೆ ಕೆಳದರ್ಜೆಯ ತಂಡ ಪರಿಹಾರ ಪಡೆದು ಜಾಗ ಬಿಡಲೇಬೇಕಿತ್ತು. ಜನ ಸೇರುವುದನ್ನು ಕಂಡ ಪೆಸಿಫಿಕ್ ಕೋಸ್ಟ್ ಲೀಗ್ 1978ಕ್ಕೆ ಮರಳಿತು. ರಸಲ್ 2,06,000 ಡಾಲರ್ ಕೇಳಿ, ಪಂಚಾಯ್ತಿದಾರರ ಮುಂದೆ ಅಷ್ಟನ್ನೂ ಗೆದ್ದರು. ನ್ಯಾಯವಾದ ಮೊತ್ತವೇ, ಆದರೆ ತಂಡ ಉಳಿಯಲಿಲ್ಲ.

ಅಂದಹಾಗೆ, ತಂಬಾಕಿನ ಎಳೆಯಂತೆ ಚೂರು ಮಾಡಿ ಚೀಲದಲ್ಲಿ ತುಂಬಿದ ‘ಬಿಗ್ ಲೀಗ್ ಚ್ಯೂ’ ಬಬಲ್‌ಗಮ್ ಹೊಳೆದದ್ದು ಈ ತಂಡದ ಪಿಚರ್‌ಗಳಾದ (ಚೆಂಡೆಸೆಯುವವರು) ರಾಬ್ ನೆಲ್ಸನ್, ಜಿಮ್ ಬೌಟನ್ ಅವರಿಗೆ. 1980ರಲ್ಲಿ ಮಾರುಕಟ್ಟೆಗೆ ಬಂತು.