ಕುದುರೆಮುಖ ಟ್ರೆಕ್‌ಗೆ ಜಿಪಿಎಸ್ ಇದ್ರೆ ಸಾಕಾಗುದಿಲ್ವಾ, ಗೈಡ್ ಯಾಕೆ?

ನೀವು ಕೇಳಿದ್ದು ಇಷ್ಟು: ಹುಬ್ಬಳ್ಳಿಯಿಂದ ಒಬ್ಬನೇ ಬ್ಯಾಗ್ ಹಾಕ್ಕೊಂಡು ಮಂಗಳೂರಿಗೆ ಬರ್ತಿದ್ದೀನಿ, ಕುದುರೆಮುಖ ನ್ಯಾಷನಲ್ ಪಾರ್ಕಲ್ಲಿ ಟ್ರೆಕ್ ಮಾಡ್ಬೇಕು, ಫೋನಲ್ಲಿ ಮ್ಯಾಪ್ ಇರ್ಬೇಕಾದ್ರೆ ಗೈಡ್ ಯಾಕೆ, ಅದು ಬರೀ ದುಡ್ಡು ಹೊಡೆಯೋ ಪ್ಲಾನಾ?

ಮೊದ್ಲು ಸಣ್ಣ ಉತ್ತರ. ಗೈಡ್ ಕಡ್ಡಾಯ, ಅದರಲ್ಲಿ ನಿಮ್ದೂ ಇಲ್ಲ ನನ್ದೂ ಇಲ್ಲ. ಮ್ಯಾಪ್ ಕೆಲಸ ಮಾಡ್ತದಾ ಅಂದ್ರೆ ಮಾಡ್ತದೆ, ಸುಳ್ಳು ಯಾಕೆ ಹೇಳ್ಲಿ, ಟ್ರೆಕ್ ಶುರು ಆಗುವ ಮುಳ್ಳೋಡಿಯಿಂದ ಮೇಲಿನವರೆಗೆ ಜನ ನಡ್ದು ನಡ್ದು ದಾರಿ ಅಚ್ಚು ಬಿದ್ದು ಹೋಗಿದೆ, ಕಣ್ಣು ಕಂಡವನಿಗೆ ದಾರಿ ತಪ್ಪುದು ಕಷ್ಟವೇ. ಆದ್ರೆ ಗೈಡ್ ಇರುದು ದಾರಿ ತೋರಿಸ್ಲಿಕ್ಕೆ ಅಂತ ನಾನೂ ಒಂದು ಕಾಲದಲ್ಲಿ ಅಂದ್ಕೊಂಡಿದ್ದೆ. ಅಲ್ಲ ಮಾರಾಯ್ರೆ.

ನಾನು ಸುರತ್ಕಲ್ ಕಡೆಯವ, ಈ ಗುಡ್ಡ ಏಳೆಂಟು ಸಲ ಹತ್ತಿದ್ದೇನೆ. ಅದರಲ್ಲಿ ಒಂದು ಸಲದ ಕತೆ ಹೇಳ್ತೇನೆ, ಅದು ಹೇಳಿದ್ರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆಯ್ತು.

ಅಕ್ಟೋಬರ್ ತಿಂಗಳು, ಮಳೆ ಪೂರ್ತಿ ಬಿಟ್ಟಿರ್ಲಿಲ್ಲ. ನಾವು ಆರು ಜನ, ಜೊತೆಗೆ ಗೈಡ್ ಒಬ್ರು, ಐವತ್ತರ ಮೇಲೆ ಪ್ರಾಯ, ಮಲೆಕುಡಿಯ ಜನಾಂಗದವರು, ಕಾಲಿಗೆ ರಬ್ಬರ್ ಚಪ್ಪಲ್, ಹೆಗಲಿಗೆ ಒಂದು ಹಳೇ ಕೊಡೆ, ಸೊಂಟದಲ್ಲಿ ಕತ್ತಿ. ನಮ್ಮ ಕಾಲಲ್ಲಿ ಎಂಟು ಸಾವಿರದ ಶೂ! ಮಲೆಕುಡಿಯರ ಮನೆಮಾತು ತುಳುವೇ, ಹಾಗಾಗಿ ನಂಗೂ ಅವ್ರಿಗೂ ಐದು ನಿಮಿಷದಲ್ಲಿ ದೋಸ್ತಿ ಆಯ್ತು. ಒಂಟಿಮರ ದಾಟಿದ ಮೇಲೆ ಹುಲ್ಲುಗಾವಲು, ಮಧ್ಯ ಮಧ್ಯ ತೊರೆ ಹರಿಯುವ ಕಡೆ ಶೋಲಾ ಕಾಡು, ಅಂದ್ರೆ ಗುಡ್ಡದ ಮಡಿಲಲ್ಲಿ ಮಾತ್ರ ದಟ್ಟ ಮರ, ಮೇಲೆಲ್ಲ ಬರೀ ಹುಲ್ಲು. ಅಂಥ ಒಂದು ಶೋಲಾ ಒಳಗೆ ಹೊಕ್ಕಿದ್ದು ಅಷ್ಟೇ, ಮುಂದೆ ಹೋಗ್ತಿದ್ದ ಅವ್ರು ಕೈ ಹಿಂದೆ ಮಾಡಿ ನಿಲ್ಲಿ ಅಂತ ಸನ್ನೆ ಮಾಡಿದ್ರು. ಏನೂ ಕಾಣುದಿಲ್ಲ, ಏನೂ ಕೇಳುದಿಲ್ಲ. ಹನಿ ಬೀಳುವ ಸದ್ದು ಬಿಟ್ರೆ ಸೈಲೆಂಟ್. ಅವ್ರು ಮೂಗು ಎತ್ತಿ ಒಂದು ಸಲ ಎಳ್ಕೊಂಡು ಮೆಲ್ಲ ನನ್ನ ಹತ್ರ ಕೇಳಿದ್ರು, ನಿಮ್ಮ ಮನೇಲಿ ಹಟ್ಟಿ ಉಂಟಾ ಅಂತ. ಇದೆಂತ ಪ್ರಶ್ನೆ ಈಗ ಅಂತ ನಾನೂ ಮೂಗು ಎಳ್ದೆ, ಹೌದು ಮಾರಾಯ್ರೆ, ಅಜ್ಜಿ ಮನೆ ಹಟ್ಟಿಯ ಅದೇ ವಾಸನೆ, ಸೆಗಣಿ, ಒದ್ದೆ ಹುಲ್ಲು, ದನದ ಮೈ ಬಿಸಿ. ಈ ಕಾಡಲ್ಲಿ ಎಲ್ಲಿಯ ಹಟ್ಟಿ? ಕಾಟಿ. ಕಾಡುಕೋಣ ಅಂತೀರಲ್ಲ, ಅದು.

ಇಪ್ಪತ್ತು ನಿಮಿಷ ನಿಂತೆವು. ಕುಳಿತುಕೊಳ್ಳುವ ಹಾಗಿಲ್ಲ, ಯಾಕಂದ್ರೆ ಕೆಳಗೆ ಪೂರಾ ಇಂಬಳ, ಅಂದ್ರೆ ಜಿಗಣೆ. ನನ್ನ ಒಬ್ಬ ಫ್ರೆಂಡ್ ಮೊಬೈಲ್ ತೆಗೀಲಿಕ್ಕೆ ಹೋದ, ಗೈಡ್ ಅವನನ್ನು ಒಂದು ನೋಟ ನೋಡಿದ್ರು, ವಾಪಸ್ ಕಿಸೆಗೆ ಹೋಯ್ತು. ಆಮೇಲೆ ಮೇಲುಗಡೆ ಗಿಡ ಅಲ್ಲಾಡಿತು, ಕರೀ ಬೆನ್ನು, ಮೊಣಕಾಲಿನ ಕೆಳಗೆ ಬಿಳಿ ಸಾಕ್ಸ್ ಹಾಕಿದ ಹಾಗೆ ನಾಲ್ಕು ಕಾಲು, ಹಿಂದೆ ಒಂದು ಕಂದು ಬಣ್ಣದ ಕರು. ನಮ್ಮನ್ನು ನೋಡ್ಲೂ ಇಲ್ಲ, ದಾಟಿ ಹೋಯ್ತು. ಕರು ಇರುವ ಕಾಟಿಯ ಮುಂದೆ ನೀವು ಮ್ಯಾಪ್ ನೋಡ್ತಾ ತಲೆ ತಗ್ಗಿಸಿ ನಡ್ಕೊಂಡು ಹೋಗುದು ಅಂದ್ರೆ ಎಂತ ಆಗ್ಬಹುದಿತ್ತು ಅಂತ ನೀವೇ ಯೋಚನೆ ಮಾಡಿ. ಮ್ಯಾಪಲ್ಲಿ ದಾರಿ ಇರ್ತದೆ, ವಾಸನೆ ಇರುದಿಲ್ಲ.

ಇನ್ನೊಂದು ಮಂಜು. ಇಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳ್ತದೆ, ಕರಾವಳಿಯಿಂದ ಬರುವ ಮೋಡ ಎಲ್ಲ ಬಂದು ಹೊಡೆಯುದು ಈ ಗೋಡೆಗೇ, ಹಾಗಾಗಿ ಐದು ನಿಮಿಷದಲ್ಲಿ ಮುಂದಿನವನ ಬ್ಯಾಗ್ ಕೂಡ ಕಾಣದ ಹಾಗೆ ಮುಚ್ಚಿ ಬಿಡ್ತದೆ. ಹುಲ್ಲಿನ ಅಂಚಲ್ಲಿ ನಿಂತು ಸೆಲ್ಫಿ ತೆಗೀತಾ ಇದ್ದವ್ರಿಗೆ ಆ ಅಂಚು ಎಲ್ಲಿ ಮುಗೀತದೆ ಅಂತ ಗೊತ್ತಾಗುದಿಲ್ಲ, ಪಶ್ಚಿಮದ ಕಡೆ ಸೀದಾ ಇಳಿಜಾರು. ಗೈಡ್ ಕೂತ್ಕೊಳ್ಳಿ ಅಂದ್ರೆ ಕೂತ್ಕೊಳ್ಳಿ, ವಾದ ಬೇಡ.

ಈಗ ನಿಮ್ಗೆ ಬೇಕಾದ ವ್ಯವಹಾರದ ವಿಷಯ. ಮೊದ್ಲೆಲ್ಲ ಹೋಗಿ ಅಲ್ಲೇ ಚೀಟಿ ಮಾಡಿಸ್ಲಿಕ್ಕೆ ಆಗ್ತಿತ್ತು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ರಜೆಗೆ ಜಾತ್ರೆ ಥರ ಜನ ಸೇರಿ ದೊಡ್ಡ ಸುದ್ದಿ ಆಯ್ತಲ್ಲ, ಅದರ ನಂತರ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಮಾಡಿ ದಿನಕ್ಕೆ 300 ಜನ ಅಂತ ಲಿಮಿಟ್ ಹಾಕಿದೆ. ಅರಣ್ಯ ವಿಹಾರ ಅಂತ ಇಲಾಖೆಯದ್ದೇ ಸೈಟ್ ಉಂಟು, ಅದರಲ್ಲೇ ಮಾಡಿ, ಶನಿವಾರ ಭಾನುವಾರ ಬೇಡ ನನ್ನ ಮಾತು ಕೇಳಿ, ವಾರದ ಮಧ್ಯ ಬನ್ನಿ. ಬುಕ್ ಮಾಡಿದ ಐಡಿ ಕಾರ್ಡೇ ಕೈಯಲ್ಲಿರ್ಲಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಹೆದರಿಕೆಗೆ ಬಂದ್ ಮಾಡ್ತಾರೆ, ಜೋರು ಮಳೆಗೂ ಕೆಲವೊಮ್ಮೆ ಬಂದ್, ಹೊರಡುವ ಹಿಂದಿನ ದಿನ ಒಂದು ಸಲ ನೋಡ್ಕೊಳ್ಳಿ. ಮೇಲೆ ಟೆಂಟ್ ಹಾಕಿ ರಾತ್ರಿ ಇರ್ಲಿಕ್ಕೆ ಬಿಡುದಿಲ್ಲ, ಬೆಳಿಗ್ಗೆ ಹೋಗಿ ಸಂಜೆ ಇಳಿಬೇಕು, ಹೋಗಿ ಬರ್ಲಿಕ್ಕೆ 20 ಕಿಲೋಮೀಟರ್ ಆಚೀಚೆ, ಹಾಗಾಗಿ ನಿಮ್ಮ ಆ 60 ಲೀಟರ್ ಬ್ಯಾಗ್ ಹೋಂಸ್ಟೇಯಲ್ಲೇ ಬಿಟ್ಟು ಸಣ್ಣ ಬ್ಯಾಗ್ ಹಾಕ್ಕೊಳ್ಳಿ.

ಬರುದು ಹೇಗೆ ಅಂದ್ರೆ, ಮಂಗಳೂರು ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿಂದ ಕಳಸ ಹೊರನಾಡು ಕಡೆ ಹೋಗುವ ಬಸ್ ಹಿಡೀರಿ, ಕಾರ್ಕಳ, ಬಜಗೋಳಿ, ಮಾಳ ಚೆಕ್‌ಪೋಸ್ಟ್, ಎಸ್‌ಕೆ ಬಾರ್ಡರ್, ಕುದುರೆಮುಖ ಪೇಟೆ, ಆಮೇಲೆ ಸಂಸೆ. ಉಡುಪಿಯಿಂದ ಬಂದ್ರೂ ಕಾರ್ಕಳದಲ್ಲೇ ಸೇರುದು. ಎಸ್‌ಕೆ ಅಂದ್ರೆ ಹಳೇ ಸೌತ್ ಕೆನರಾ, ಜಿಲ್ಲೆ ಹೆಸರು ಹೋಗಿ ಎಷ್ಟೋ ಕಾಲ ಆಯ್ತು, ಬಾರ್ಡರ್ ಮಾತ್ರ ಹಾಗೇ ಉಳ್ದಿದೆ. ಸಂಸೆ ಹತ್ರ ಬಾಳೆಗಲ್‌ನಿಂದ ಮುಳ್ಳೋಡಿಗೆ ಜೀಪ್. ಆ ಜೀಪ್ ರೋಡಿನ ಬಗ್ಗೆ ನಾನು ಹೆಚ್ಚು ಹೇಳುದಿಲ್ಲ, ಹೊಟ್ಟೆ ತುಂಬಾ ತಿಂದು ಹತ್ತಬೇಡಿ ಅಷ್ಟೇ. ಒಬ್ರೇ ಇದ್ರೆ ಬೇರೆ ಗುಂಪಿನ ಜೊತೆ ಶೇರ್ ಮಾಡಿ, ಗೈಡಿಗೂ ಹಾಗೇ. ಆದ್ರೆ ಗುಂಪು ಸಣ್ಣದು ನೋಡಿ ಸೇರ್ಕೊಳ್ಳಿ. ಒಂದು ಸಲ ಯಾವುದೋ ಪ್ಯಾಕೇಜಿನವ್ರ ಜೊತೆ ಹೋಗಿ ನಂಗೆ ಬುದ್ಧಿ ಬಂತು, ಹೆಸರು ಬೇಡ, ಮೂವತ್ತೈದು ಜನಕ್ಕೆ ಒಬ್ಬ ಹುಡುಗ, ಅವನು ಎಲ್ಲಕ್ಕಿಂತ ಮುಂದೆ, ಕೊನೆಯವ್ರು ಒಂದೂವರೆ ಗಂಟೆ ಹಿಂದೆ, ನಡುವೆ ಒಬ್ಬ ಬ್ಲೂಟೂತ್ ಸ್ಪೀಕರಲ್ಲಿ ಡಿಜೆ ಹಾಕ್ಕೊಂಡು. ಆ ದಿನ ಒಂದು ಮಂಗ ಕೂಡ ಕಾಣ್ಲಿಲ್ಲ.

ಮಂಗ ಅಂದಾಗ ನೆನಪಾಯ್ತು. ಇದು ಗುಡ್ಡ ಹತ್ತುವವ್ರಿಗೆ ಅಂತ ಮಾಡಿದ ಪಾರ್ಕ್ ಅಲ್ಲ, ಸಿಂಗಳೀಕಕ್ಕೆ ಮಾಡಿದ್ದು ಅಂದ್ರೂ ತಪ್ಪಿಲ್ಲ. ಕರೀ ಮೈ, ಮುಖದ ಸುತ್ತ ಬೂದು ಬಣ್ಣದ ಕೇಸರ, ಬಾಲದ ತುದೀಲಿ ಸಿಂಹದ ಹಾಗೆ ಗೊಂಡೆ, ಜಗತ್ತಲ್ಲಿ ಪಶ್ಚಿಮ ಘಟ್ಟ ಬಿಟ್ರೆ ಬೇರೆಲ್ಲೂ ಇಲ್ಲ. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕರ್ನಾಟಕದಲ್ಲಿ ಇವು ಎಲ್ಲೆಲ್ಲಿ ಉಳ್ದಿವೆ ಅಂತ ಸರ್ವೆ ಮಾಡಿದ್ರು, ಆಮೇಲೆ 1987ರಲ್ಲಿ ನ್ಯಾಷನಲ್ ಪಾರ್ಕ್ ಅಂತ ಘೋಷಣೆ ಆಯ್ತು, 600 ಚದರ ಕಿಲೋಮೀಟರ್, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗೆ ಸೇರಿ. ಸಿಂಗಳೀಕ ನೆಲಕ್ಕೆ ಇಳಿಯುದು ಕಮ್ಮಿ, ಮರದ ತುದಿಯಲ್ಲೇ ಬದುಕು, ಹಾಗಾಗಿ ತಲೆ ಎತ್ತಿ ನೋಡ್ಬೇಕು, ಎಲ್ಲಿ ನೋಡ್ಬೇಕು ಅಂತ ಗೈಡ್ ಹೇಳ್ಬೇಕು. ನಂಗೆ ಇಷ್ಟು ಸಲದಲ್ಲಿ ಸರಿಯಾಗಿ ಕಂಡದ್ದು ಎರಡೇ ಸಲ.

ಇಂಬಳದ ಬಗ್ಗೆ ಎಲ್ರೂ ಹೆದರಿಸ್ತಾರೆ, ಅದು ಅಷ್ಟೆಲ್ಲ ಇಲ್ಲ. ಕಚ್ಚಿದ್ದು ಗೊತ್ತಾಗುದೇ ಇಲ್ಲ, ರಕ್ತ ಹೆಪ್ಪುಗಟ್ಟದ ಹಾಗೆ ಅದು ಹಿರುಡಿನ್ ಅಂತ ಒಂದು ಬಿಡ್ತದೆ, ಹಾಗಾಗಿ ಬಿದ್ದು ಹೋದ ಮೇಲೂ ಸುಮಾರು ಹೊತ್ತು ಸುರೀತಾ ಇರ್ತದೆ, ಶೂ ಬಿಚ್ಚಿದಾಗ ಸಾಕ್ಸ್ ಕೆಂಪು ನೋಡಿ ತಲೆ ತಿರುಗಿಸ್ಕೊಳ್ಬೇಡಿ. ಕಚ್ಚಿಕೊಂಡದ್ದನ್ನು ಉಪ್ಪು ಹಾಕ್ಲಿಕ್ಕೆ, ಸುಡ್ಲಿಕ್ಕೆ ಹೋದ್ರೆ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕುವ ಚಾನ್ಸ್ ಉಂಟು, ಉಗುರಲ್ಲಿ ಮೆಲ್ಲ ಬಾಯಿ ಹತ್ರ ಜಾರಿಸಿ ತೆಗೀರಿ, ಸಪೂರ ತುದಿ ಇರ್ತದಲ್ಲ, ಅದು ಬಾಯಿ. ನಮ್ಮ ಗೈಡ್ ಹೊಗೆಸೊಪ್ಪು ಸುಣ್ಣ ನೆನೆಸಿದ ಬಟ್ಟೆ ತುಂಡು ಪಾದದ ಮೇಲೆ ಕಟ್ತಿದ್ರು, ಒಂದೂ ಹತ್ತುದಿಲ್ಲ. ನಮ್ಮ ಲೀಚ್ ಸಾಕ್ಸ್ ಮೇಲೆ ಹತ್ತಿ ಮಂಡಿಯವರೆಗೆ ಬಂದದ್ದನ್ನು ನೋಡಿ ಅವ್ರಿಗೆ ನಗು.

ಹೆದರ್ಬೇಕಾದ್ದು ಉಣ್ಣಿಗೆ. ಮಂಗನ ಕಾಯಿಲೆ ಅಂತ ಕೇಳಿರ್ತೀರಿ, ಅದು ಉಣ್ಣಿ ಕಚ್ಚಿಯೇ ಬರುದು, ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಮೊದ್ಲು ಗೊತ್ತಾದದ್ದು, ಈ ಮಲೆನಾಡಲ್ಲಿ ಹೆಚ್ಚು ಕಮ್ಮಿ ಡಿಸೆಂಬರಿಂದ ಮೇವರೆಗೆ ಅದರ ಕಾಲ. ಆ ಟೈಮಲ್ಲಿ ಬಂದ್ರೆ ಒಣ ಎಲೆ ಮೇಲೆ ಬಿದ್ದುಕೊಳ್ಳುದು, ಮರಕ್ಕೆ ಒರಗುದು ಎಲ್ಲ ಬೇಡ, ಪೂರ್ತಿ ಮೈ ಮುಚ್ಚುವ ಬಟ್ಟೆ ಹಾಕಿ, ಇಳಿದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಬಿಸಿನೀರಿಗೆ ಹಾಕಿ, ಸತ್ತ ಮಂಗ ಕಂಡ್ರೆ ಹತ್ರ ಹೋಗದೆ ಗೈಡಿಗೆ ಹೇಳಿ. ಆಮೇಲೆ ಚೇರು ಮರ, ಅದರ ಸೊನೆ ತಾಗಿದ್ರೆ ಕೆಲವ್ರಿಗೆ ಮೈಯೆಲ್ಲ ಬೊಕ್ಕೆ ಬರ್ತದೆ. ನಂಗೆ ಇವತ್ತಿಗೂ ಆ ಮರ ಗುರ್ತು ಹಿಡೀಲಿಕ್ಕೆ ಆಗುದಿಲ್ಲ, ಗೈಡ್ ಆ ಮರ ಬಂದಾಗ ಬದಿಗೆ ಸರೀತಾರೆ, ನಾನೂ ಹಿಂದೆಯೇ ಸರೀತೇನೆ.

ಮೇಲೆ ಎಂತ ಕಾಣ್ತದೆ ಅಂತ ಯಾರೂ ಗ್ಯಾರಂಟಿ ಕೊಡುದಿಲ್ಲ. ಶಿಖರ 1,894 ಮೀಟರ್, ಸುಮಾರು ದಿನ ಬರೀ ಬಿಳಿ. ಹಳೇ ಕಲ್ಲಿನ ಗೋಡೆ ಉಂಟು, ಅಲ್ಲಿ ಚರ್ಚ್ ಇತ್ತು ಅಂತ ಹೇಳ್ತಾರೆ. ಕಾಟಿ ಕಂಡ ಆ ದಿನ ನಾವು ಬುತ್ತಿ ಬಿಚ್ಚಿ ಕೂತಿದ್ದಾಗ ಎರಡು ನಿಮಿಷ ಮೋಡ ಹರೀತು, ದೂರದಲ್ಲಿ ಒಂದು ಬೆಳ್ಳಗಿನ ಗೆರೆ. ಗೈಡ್ ಕಡುಬು ಹಿಡ್ದ ಕೈಯಲ್ಲೇ ತೋರಿಸಿ ಅವು ನಿಕ್ಲೆನ ಕಡಲ್ ಅಂದ್ರು, ಅದು ನಿಮ್ಮ ಸಮುದ್ರ ಅಂತ. ಆಮೇಲೆ ಕೇಳಿದ್ರು, ನಮ್ಮ ಗುಡ್ಡ ಹೋಗಿ ಬಿದ್ದ ಜಾಗ ಯಾವ ಕಡೆ ಬರ್ತದೆ?

ನಂಗೆ ಒಂದು ಕ್ಷಣ ಅರ್ಥ ಆಗ್ಲಿಲ್ಲ. ಪಣಂಬೂರು, ಮಂಗಳೂರಿನ ಬಂದರು. ಕುದುರೆಮುಖದ ಕಬ್ಬಿಣದ ಅದಿರು ಕಂಪನಿ ಶುರು ಆದದ್ದು 1976ರಲ್ಲಿ, ಇರಾನಿಗೆ ಕಳಿಸ್ಲಿಕ್ಕೆ ಅಂತ ಮಾಡಿದ ಗಣಿ, ಅಲ್ಲಿ 1979ರಲ್ಲಿ ಕ್ರಾಂತಿ ಆಗಿ ಅವ್ರು ಕೈಬಿಟ್ರು, ಆದ್ರೂ ಇಲ್ಲಿ ಅಗೆಯುದು ನಿಲ್ಲಲಿಲ್ಲ. ಅದಿರನ್ನು ಪುಡಿ ಮಾಡಿ ನೀರಲ್ಲಿ ಕಲಸಿ 67 ಕಿಲೋಮೀಟರ್ ಪೈಪಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ, ಅಲ್ಲಿಂದ ಹಡಗು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಉಳಿದ ಕೆಸರು ಲಕ್ಯಾ ಡ್ಯಾಮ್ ಹಿಂದೆ ಈಗಲೂ ಉಂಟು. ನಾನು ಸ್ಕೂಲಿಗೆ ಹೋಗುವಾಗ ದಿನಾ ಆ ಪಣಂಬೂರು ದಾಟಿಯೇ ಹೋಗ್ತಿದ್ದದ್ದು, ಅದು ಒಂದು ಗುಡ್ಡ ಅಂತ ನಂಗೆ ಯಾವತ್ತೂ ತಲೆಗೆ ಹೋಗಿರ್ಲಿಲ್ಲ. ನಾನು ಬೆರಳು ತೋರಿಸ್ಲಿಕ್ಕೆ ಕೈ ಎತ್ತುವಷ್ಟರಲ್ಲಿ ಮಂಜು ಮುಚ್ಚಿ ಆಗಿತ್ತು.

ನಿಮ್ಮ ದುಡ್ಡಿನ ಪ್ರಶ್ನೆಗೆ ಬಂದ್ರೆ, ಗೈಡ್ ಫೀಸ್ ಗುಂಪಲ್ಲಿ ಹಂಚಿದ್ರೆ ನಿಮ್ಮ ಒಂದು ಪಿಜ್ಜಾದ ಲೆಕ್ಕ ಬರ್ತದೋ ಇಲ್ವೋ. ಫೀಸಿನ ಮೇಲೆ ಕೈಯಲ್ಲಿ ಏನಾದ್ರೂ ಕೊಡಿ, ಬುತ್ತಿ ನಿಮ್ದೂ ಅವ್ರಿಗೆ ಸ್ವಲ್ಪ ಕೊಡಿ, ಪ್ಲಾಸ್ಟಿಕ್ ಮೇಲೆ ಬಿಟ್ಟು ಬರ್ಬೇಡಿ, ಚೆಕ್‌ಪೋಸ್ಟಲ್ಲಿ ಬ್ಯಾಗ್ ನೋಡ್ತಾರೆ. ಕಾಲಿಗೆ ಹಿಡಿತ ಇರುವ ಶೂ ಸಾಕು, ಬ್ರ್ಯಾಂಡ್ ಬೇಡ. ಫೋನ್ ನೆಟ್‌ವರ್ಕ್ ಮುಳ್ಳೋಡಿಯಲ್ಲಿ ನಂಬ್ಲಿಕ್ಕಿಲ್ಲ, ಮನೆಗೆ ಹೇಳುದನ್ನೆಲ್ಲ ಜೀಪ್ ಹತ್ತುವ ಮೊದ್ಲೇ ಹೇಳಿ ಮುಗ್ಸಿ. ವಾಪಸ್ ಬಸ್ಸಿನ ಟೈಮ್ ಬೆಳಿಗ್ಗೆಯೇ ಜೀಪಿನವ್ರ ಹತ್ರ ಕೇಳಿ ಇಟ್ಕೊಳ್ಳಿ, ಕೆಳಗೆ ಇಳಿಯುವಾಗ ಸಂಜೆ ಆಗ್ತದೆ, ಆಮೇಲೆ ಮಂಗಳೂರಿಗೆ ಬಸ್ ಇಲ್ಲ ಅಂತ ಸಂಸೆಯಲ್ಲಿ ನಿಂತು ತಲೆ ಚಚ್ಚಿಕೊಂಡವ್ರಲ್ಲಿ ನಾನೂ ಒಬ್ಬ.

ಡೇಟ್ ಫಿಕ್ಸ್ ಆದ್ರೆ ಇಲ್ಲೇ ಹಾಕಿ, ಆ ವಾರ ಘಟ್ಟದ ಮೇಲೆ ಮಳೆ ಹೇಗುಂಟು ಅಂತ ಕೇಳಿ ಹೇಳ್ತೇನೆ.