ವ್ಯಾಟಿಕನ್ ಬಿಟ್ಟು ಬೇರೆ ಯಾವುದಾದರೂ ದೇಶವನ್ನು ಪಾದ್ರಿ ಆಳಿದ್ದಾರಾ?

ಆಳಿದ್ದಾರೆ. ಈಗಲೂ ಒಬ್ಬರಿದ್ದಾರೆ, ಆದರೆ ಅಧಿಕಾರ ಹೆಸರಿಗಷ್ಟೇ. ಸ್ಪೇನ್ ಮತ್ತು ಫ್ರಾನ್ಸ್ ನಡುವಿನ ಬೆಟ್ಟಗಳಲ್ಲಿರುವ ಅಂಡೋರಾ 468 ಚದರ ಕಿಲೋಮೀಟರ್‌ನ ದೇಶ. ಅದಕ್ಕೆ ಇಬ್ಬರು ರಾಜರು: ಸ್ಪೇನ್‌ನ ಉರ್ಜೆಲ್ ಊರಿನ ಬಿಷಪ್ ಒಬ್ಬರು, ಫ್ರಾನ್ಸ್‌ನ ಅಧ್ಯಕ್ಷರು ಇನ್ನೊಬ್ಬರು. ಇಬ್ಬರೂ ಅಂಡೋರಾದವರಲ್ಲ, ತಮಾಷೆ ಅಲ್ವಾ!

ಇದು 1278ರ ರಾಜಿ. ಬಿಷಪ್ ಮತ್ತು ಫ್ವಾ ಕೌಂಟ್ (ಫ್ರಾನ್ಸ್ ಕಡೆಯ ಫ್ವಾ ಪ್ರಾಂತ್ಯದ ಒಡೆಯ) ಜಗಳ ಸಾಕು ಅಂತ ಆ ಕಣಿವೆಗಳನ್ನು ಜಂಟಿಯಾಗಿ ಇಟ್ಟುಕೊಂಡರು. ಕೌಂಟ್ ಪಾಲು ಮುಂದೆ ಫ್ರಾನ್ಸ್ ರಾಜರಿಗೆ, ಅವರಿಂದ ಅಧ್ಯಕ್ಷರಿಗೆ ಬಂತು. ಬಿಷಪ್ ಪಾಲು ಮಾತ್ರ ಕದಲಲಿಲ್ಲ.

ನನಗೆ ಇಷ್ಟವಾಗೋದು ಕಪ್ಪದ ವಿಷಯ. ಎರಡು ವರ್ಷಕ್ಕೊಮ್ಮೆ ಬಿಷಪ್‌ಗೆ ಸಲ್ಲುತ್ತಿದ್ದದ್ದು 460 ಪೆಸೆಟಾ (ಸ್ಪೇನ್‌ನ ಹಳೆಯ ನಾಣ್ಯ), ಜೊತೆಗೆ ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆ, ಚೀಸ್, ಕೋಳಿ. ಇಪ್ಪತ್ತನೇ ಶತಮಾನದಲ್ಲೂ!

1971ರಲ್ಲಿ ಬಿಷಪ್ ಆದ ಜುವಾನ್ ಮಾರ್ತಿ ಅಲಾನಿಸ್ ಕಾಲದಲ್ಲಿ ಈ ಕಪ್ಪ ನಿಂತಿತು. 1993ರಲ್ಲಿ ಜನಮತದಿಂದ ಸಂವಿಧಾನ ಬಂತು. ಮಾರ್ತಿ ಮತ್ತು ಆಗಿನ ಫ್ರಾನ್ಸ್ ಅಧ್ಯಕ್ಷ ಮಿತ್ತೆರಾಂ ಅದಕ್ಕೆ ಸಹಿ ಹಾಕಿದರು. ಆಡಳಿತ ಚುನಾಯಿತ ಸರ್ಕಾರದ ಕೈಗೆ ಹೋಯಿತು. ಮಾರ್ತಿ 2003ರವರೆಗೂ ಆ ಪಟ್ಟದಲ್ಲಿದ್ದರು.